ಜಗಳೂರು ದಾರಿಯ ಪೆಟ್ರೋಲ್ ಬಂಕು

ನಮ್ಮ ನೆಂಟರಿಷ್ಟರಲ್ಲಿ ನನ್ನ ಬಗ್ಗೆ ಒಂದು ಕಥೆ ಓಡಾಡುತ್ತದೆ. ಮದುವೆಯ ಪಂಕ್ತಿಯಲ್ಲಿ ಕೂತಾಗಲೋ, ನಾಮಕರಣದ ಮನೆಯಲ್ಲಿ ಎಲೆ ಅಡಿಕೆ ಹಾಕುವಾಗಲೋ ಯಾರಾದರೊಬ್ಬರು ಅದನ್ನು ತೆಗೆಯುತ್ತಾರೆ. ಮುದುಕ ಹೆಂಡತಿಗೆ ಊರು ತೋರಿಸುತ್ತೇನೆಂದು ಬೈಕಿನಲ್ಲಿ ಕರೆದುಕೊಂಡು ಹೋದ. ಪೆಟ್ರೋಲ್ ಬಂಕಿನಲ್ಲಿ ಆಕೆ ಇಳಿದಳು. ಈತ ಪೆಟ್ರೋಲ್ ಹಾಕಿಸಿಕೊಂಡು, ಆಕೆ ಹತ್ತಿದಳು ಅಂದುಕೊಂಡು, ಹೊರಟೇಬಿಟ್ಟ. ಜಗಳೂರು ದಾಟುವ ತನಕ ಖಾಲಿ ಸೀಟಿನ ಜೊತೆ ಮಾತಾಡುತ್ತಾ ಹೋದ. ಇಷ್ಟು ಕಥೆ. ಹೇಳುವವರು ಕೊನೆಗೆ ನನ್ನ ಕಡೆ ನೋಡುತ್ತಾರೆ. ನಾನು ತಲೆ ಕೆರೆದುಕೊಳ್ಳುತ್ತೇನೆ. ಎಲ್ಲರೂ ನಗುತ್ತಾರೆ, ನಾನೂ ಮೊದಲೆಲ್ಲ ನಗುತ್ತಿದ್ದೆ.

ಆ ಕಥೆಯಲ್ಲಿ ‘ಹತ್ತಿದಳು ಅಂದುಕೊಂಡು’ ಎಂಬ ಮಾತು ಸುಳ್ಳು. ಆ ಸುಳ್ಳು ಹೇಳಿದವನು ನಾನೇ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಚನ್ನಗಿರಿಯಲ್ಲಿ ಅಡಿಕೆ ಕೇಣಿ ಹಿಡಿಯುತ್ತಿದ್ದೆ. ಮರದಲ್ಲಿರುವಾಗಲೇ ಗೊನೆ ನೋಡಿ, ಈ ತೋಟದಲ್ಲಿ ಇಷ್ಟು ಅಡಿಕೆ ಆಗುತ್ತದೆ ಎಂದು ಅಂದಾಜು ಕಟ್ಟಿ, ತೋಟದವರ ಜೊತೆ ಮಾತು ಮುಗಿಸುವುದು ಕೇಣಿ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಆಮೇಲೆ ಕೇಣಿದಾರನದೇ. ಅಂದಾಜು ತಪ್ಪಿದರೆ ನಷ್ಟವೂ ಅವನದೇ. ಆಯುಷ್ಯವೆಲ್ಲ ಬೈಕಿನ ಮೇಲೆ, ಕತ್ತು ಮೇಲೆ ಮಾಡಿಕೊಂಡು ಕಳೆದೆ. ಕೊನೆಗೆ ಕತ್ತಿನ ಎಲುಬು ಸವೆದು, ಕೈ ಜುಮ್ಮೆನ್ನಲು ಶುರುವಾಗಿ ಕೇಣಿ ಬಿಟ್ಟೆ.

ಬಿಟ್ಟ ಮೇಲೆ ನನಗೇನಾಯಿತೆಂದು ಸರಿಯಾಗಿ ಹೇಳಲು ಬರುವುದಿಲ್ಲ. ದುಃಖವಾಗಿದ್ದರೆ ದುಃಖ ಎನ್ನಬಹುದಿತ್ತು. ಮುದ್ದೆ ಮುಂದಿಟ್ಟರೆ ಉಣ್ಣುತ್ತಿದ್ದೆ, ಇಡದಿದ್ದರೆ ಕೇಳುತ್ತಿರಲಿಲ್ಲ. ಟಿ.ವಿ. ಮುಂದೆ ಕೂತರೆ ಕರೆಂಟು ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದ ತೋಳು ಹೇಗಿರುತ್ತದೋ ಒಳಗೆಲ್ಲ ಹಾಗೆ. ಹೆಂಡತಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ರಕ್ತ ನೋಡಿದರು, ಬಿ.ಪಿ. ನೋಡಿದರು, ಏನೂ ಇಲ್ಲ ಎಂದರು. ಬದಲಿಗೆ ಜೊತೆಗೆ ಹೋದ ಆಕೆಗೇ ಶುಗರ್ ಇರುವುದು ಅವತ್ತು ಗೊತ್ತಾಯಿತು.

ಆ ದಿನಗಳಲ್ಲಿ ಆಕೆ ಮೊಬೈಲಿನಲ್ಲಿ ವಿಡಿಯೊ ನೋಡುವುದು ಕಲಿತಿದ್ದಳು. ಒಂದು ಮಧ್ಯಾಹ್ನ ಫೋನನ್ನು ನನ್ನ ಮುಖಕ್ಕೆ ಹಿಡಿದಳು.

“ರೀ, ನೋಡ್ರಿ ಇಲ್ಲಿ. ಇವರಿಗೂ ಕೂದಲು ಬೆಳ್ಳಗಾಗೈತೆ. ಗಂಡ ಹೆಂಡ್ತಿ ಇಬ್ಬರೇ ಬೈಕಲ್ಲಿ ಹಿಮಾಲಯ ಹತ್ತಾಕೆ ಹೊಂಟಾರೆ.”

“ಅವರಿಗೆ ಬೇರೆ ಕೆಲಸ ಇಲ್ಲ.”

“ನಿಮಗೇನೈತೆ?”

ನಾನು ಟಿ.ವಿ. ಕಡೆ ತಿರುಗಿದೆ.

“ಹಿಮಾಲಯ ಬ್ಯಾಡ ಬಿಡ್ರಿ. ನ್ಯಾಮತಿಗೆ ನಮ್ಮ ತಮ್ಮನ ಮನೆಗೆ ಹೋಗಾಣ. ಅಲ್ಲಿಂದ ಎತ್ಲಾಗೆ ಮನಸು ಬರ್ತೈತೋ ಅತ್ಲಾಗೆ. ಸಾಕಾದಾಗ ಮನೆಗೆ ಬಂದ್ರಾತು.”

“ಆಗಲಿ” ಎಂದೆ. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಆಗಲಿ ಎಂದರೆ ಅಲ್ಲಿಗೆ ಮುಗಿಯಿತು.

ಆಕೆ ಎರಡು ಸೀರೆ, ಶುಗರ್ ಮಾತ್ರೆ, ಕನ್ನಡಕ, ಚಕ್ಕುಲಿ ಎಲ್ಲ ತುಂಬಿದ ಚೀಲವನ್ನು ಬೈಕಿನ ಬದಿಗೆ ನೇತು ಹಾಕಿದಳು. ದಾರಿಯಲ್ಲಿ ಬಿದ್ದು ಹೋದೀತೆಂದು ತನ್ನ ಫೋನನ್ನೂ ಅದರಲ್ಲೇ ಹಾಕಿದಳು. ಒಂದು ಬೆಳಿಗ್ಗೆ ಹೊರಟೆವು. ನಲ್ಲೂರು ಬಂತು, ಬಸವಾಪಟ್ಟಣ ಬಂತು. ಆಕೆ ಹಿಂದಿನಿಂದ ಏನೇನೋ ತೋರಿಸುತ್ತಿದ್ದಳು. ನನ್ನ ಕಣ್ಣು ತಾನಾಗಿ ತೋಟದ ನೆತ್ತಿಗೆ ಹೋಗುತ್ತಿತ್ತು. ಇದರಲ್ಲಿ ಹೂ ಉದುರಿದೆ, ಇದರಲ್ಲಿ ಎರಡನೇ ಕೊಯ್ಲು ತೆಳು, ಹೀಗೆ ತಲೆ ತನ್ನ ಪಾಡಿಗೆ ಅಂದಾಜು ಕಟ್ಟುತ್ತಿತ್ತು. ಅದರಲ್ಲಿ ನನಗೆ ಆಸಕ್ತಿಯೇನೂ ಇರಲಿಲ್ಲ.

“ಕತ್ತು ಇಳಿಸ್ರಿ” ಎಂದು ಆಕೆ ಬೆನ್ನಿಗೆ ಗುದ್ದಿದಳು. “ಕೇಣಿ ಬಿಟ್ಟು ವರ್ಷಾತು. ರಸ್ತೆ ನೋಡ್ರಿ, ಇಲ್ಲಾಂದ್ರೆ ನನ್ನ ನೋಡ್ರಿ.”

“ನೀನು ಹಿಂದೆ ಕೂತಿದ್ದೀಯ.”

“ಕನ್ನಡಿ ಐತಲ್ಲ!”

ಹೊನ್ನಾಳಿಯಲ್ಲಿ ಉಳಿಯೋಣ ಎಂದಳು. ನ್ಯಾಮತಿ ಅಲ್ಲಿಂದ ಕೂಗಳತೆ, ತಮ್ಮನ ಮನೆ ಇರುವಾಗ ಲಾಡ್ಜ್ ಯಾಕೆ ಎಂದರೆ, “ತಮ್ಮನ ಮನೆಯಾಗೆ ನಾನು ಅಕ್ಕ ಆಗ್ತೀನಿ. ಒಂದು ದಿನ ಬರೀ ಹೆಂಡ್ತಿಯಾಗಿ ಇರ್ತೀನಿ” ಎಂದಳು. ಲಾಡ್ಜಿನವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ.

“ಯಾರ ಮದುವೆಗೆ ಬಂದೀರಿ ಅಜ್ಜಾರೆ?”

“ಮದುವೆ ಇಲ್ಲ. ಸುಮ್ನೆ.”

“ಸುಮ್ನೆ ಅಂದ್ರೆ? ಆಸ್ಪತ್ರೆಗಾ?”

“ಹನಿಮೂನ್ ಅಂತ ಬರ್ಕೊಳ್ರಿ” ಎಂದಳು ಆಕೆ. ಅವನು ನಗಬೇಕೋ ಬೇಡವೋ ತಿಳಿಯದೆ ಬೀಗದ ಕೈ ಕೊಟ್ಟ.

ಸಂಜೆ ಹೊಳೆ ದಂಡೆಗೆ ಹೋಗಿ ಕೂತೆವು. ತುಂಗಭದ್ರೆಯಲ್ಲಿ ನೀರು ಕಡಿಮೆ ಇತ್ತು, ಆಚೆ ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಆಕೆ ಚಕ್ಕುಲಿ ಮುರಿದು ಅರ್ಧ ನನಗೆ ಕೊಟ್ಟು ಹೇಳಿದಳು: “ನಾನು ಊರು ನೋಡಾಕೆ ಬಂದಿಲ್ಲ ಕಣ್ರಿ. ನೀವು ನನ್ನ ಜೊತೆ ಒಂದು ಸಲ ಬಾಯಿಬಿಟ್ಟು ಮಾತಾಡ್ತೀರೇನೋ ಅಂತ ಬಂದೀನಿ.”

“ಮಾತಾಡ್ತಾನೇ ಇದೀನಲ್ಲ.”

“ಹಾಲಿನವನು ಬಂದನಾ, ಗ್ಯಾಸ್ ಮುಗೀತಾ. ಇದು ಮಾತಾ? ಮನೆಯಾಗೆ ನಾನು ಇದೀನೋ ಇಲ್ಲೋ ಅಂತ ನನಗೇ ಅನುಮಾನ ಬರ್ತೈತೆ. ನಿಮಗೆ ನಾನು ಬೇಕೋ ಬ್ಯಾಡೋ, ಅಷ್ಟು ಹೇಳ್ರಿ. ಬ್ಯಾಡ ಅಂದ್ರೂ ಬೇಜಾರಿಲ್ಲ.”

ಬೇಕು ಎನ್ನುವುದು ಕಷ್ಟದ ಮಾತಲ್ಲ. ನಾನು ಹೇಳಲಿಲ್ಲ. ಹೇಳಬೇಕೆಂದು ಅನ್ನಿಸಲಿಲ್ಲ, ಹೇಳಬಾರದೆಂದೂ ಅನ್ನಿಸಲಿಲ್ಲ. ಎಮ್ಮೆಗಳು ದಡ ಹತ್ತಿ ಹೋದವು. “ಚಳಿ ಆಗುತ್ತೆ, ಏಳು” ಎಂದೆ. ಆಕೆ ಎದ್ದು ಸೀರೆಗೆ ಹತ್ತಿದ ಮರಳು ಕೊಡವಿಕೊಂಡಳು.

ನ್ಯಾಮತಿಯಲ್ಲಿ ಆಕೆಯ ತಮ್ಮ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಬಾಯಿ ಜೋರು, ಮನಸ್ಸು ಒಳ್ಳೆಯದು. ನಮ್ಮನ್ನು ನೋಡಿ ಗಿರಣಿ ನಿಲ್ಲಿಸಿಯೇ ಹೊರಗೆ ಬಂದ. “ಏನು ಭಾವ, ಈ ವಯಸ್ಸಿನಾಗೆ ಅಕ್ಕನ್ನ ಹಾರಿಸ್ಕೊಂಡು ಹೊಂಟೀರಿ! ಅವಾಗ ನಮ್ಮಪ್ಪನ್ನ ಕೇಳಿ ಕಟ್ಕೊಂಡ್ರಲ್ಲ, ಈಗ ನನ್ನನ್ನೂ ಒಂದು ಮಾತು ಕೇಳ್ರಿ” ಎಂದ. ಆಕೆ ಬಹಳ ನಕ್ಕಳು. ಆಕೆ ನಗುವುದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು. ಹಿಟ್ಟಿನ ಧೂಳು ಅವನ ಹುಬ್ಬಿನ ಮೇಲೆ ಕೂತಿದ್ದನ್ನೇ ನೋಡುತ್ತಿದ್ದೆ.

ಅಲ್ಲಿಂದ ಹರಿಹರ, ದಾವಣಗೆರೆ. ಮುಂದೆ ಎತ್ತ ಎಂದು ಕೇಳಿದಾಗ ಆಕೆ, “ಜಗಳೂರು ಕಡೆ ನಾನು ಹೋಗೇ ಇಲ್ಲ. ಅಡಿಕೆ ಮರ ಇಲ್ಲದ ಕಡೆ ಹೋಗಾಣ ನಡೀರಿ, ಅಲ್ಲಾದ್ರೂ ನಿಮ್ಮ ಕತ್ತು ನೆಟ್ಟಗಿರ್ತೈತೆ” ಎಂದಳು. ದಾವಣಗೆರೆ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಕೊಯ್ದ ಮೆಕ್ಕೆಜೋಳದ ಹೊಲ, ರಸ್ತೆಯಂಚಿಗೆ ಒಣ ಹಾಕಿದ ಈರುಳ್ಳಿ, ದೂರದ ಗುಡ್ಡದ ಮೇಲೆ ಗಾಳಿಯಂತ್ರದ ಸಾಲು. ಮೇಲೆ ನೋಡಲು ಏನೂ ಇರಲಿಲ್ಲ. ಜಗಳೂರಿನಲ್ಲಿ ಟೀ ಕುಡಿಯೋಣ ಎಂದು ಮಾತಾಯಿತು. ಅದಕ್ಕೂ ಮೊದಲು ಪೆಟ್ರೋಲ್ ಹಾಕಿಸಲು ಒಂದು ಬಂಕಿನಲ್ಲಿ ನಿಲ್ಲಿಸಿದೆ.

ನಮ್ಮ ಕಡೆ ಬಂಕಿಗೆ ಹೋದರೆ ಹಿಂದೆ ಕೂತವರು ಇಳಿಯುತ್ತಾರೆ. ಇಳಿದು, ಪೆಟ್ರೋಲ್ ಹಾಕಿಸುವಷ್ಟರಲ್ಲಿ ಮುಂದೆ ನಡೆದು, ರಸ್ತೆ ಸೇರುವ ಬಾಯಿಯಲ್ಲಿ ನಿಂತಿರುತ್ತಾರೆ. ಓಡಿಸುವವನು ಅಲ್ಲಿ ನಿಧಾನ ಮಾಡಿ ಹತ್ತಿಸಿಕೊಳ್ಳುತ್ತಾನೆ. ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಆಕೆ ಮದುವೆಯಾದಾಗಿನಿಂದ ಹಾಗೆಯೇ ಮಾಡಿದವಳು. ಅವತ್ತು ಮಾತ್ರ ಮುಖ ತೊಳೆಯಲು ಗಾಳಿ ಹಾಕುವಲ್ಲಿದ್ದ ನಲ್ಲಿಯ ಹತ್ತಿರ ಹೋದಳು.

ನಾನು ದುಡ್ಡು ಕೊಟ್ಟು ಗಾಡಿ ಶುರು ಮಾಡಿದೆ. ಕನ್ನಡಿಯಲ್ಲಿ ನೋಡಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಬರುತ್ತಿದ್ದಳು. ಒಂದು ಕೈ ಎತ್ತಿ, ಬಂದೆ, ಎನ್ನುವ ಹಾಗೆ ಬೀಸಿದಳು. ರಸ್ತೆಯ ಬಾಯಿಯ ತನಕ ಹೋಗಿ ನಿಲ್ಲುತ್ತೇನೆ ಎಂದುಕೊಂಡೆ. ಅಲ್ಲಿಗೆ ಹೋದೆ. ನಿಲ್ಲಲಿಲ್ಲ.

ಇದನ್ನು ಎಷ್ಟು ಸಲ ನೆನೆಸಿಕೊಂಡರೂ ಇದಕ್ಕಿಂತ ಹೆಚ್ಚಿಗೆ ಏನೂ ಸಿಗುವುದಿಲ್ಲ. ಸಿಟ್ಟು ಇರಲಿಲ್ಲ. ಆಕೆಯಿಂದ ತಪ್ಪಿಸಿಕೊಳ್ಳಬೇಕೆಂಬ ಯೋಚನೆಯೂ ಇರಲಿಲ್ಲ. ಬೈಕಿನ ಹಿಂಬದಿ ಹಗುರವಾಗಿತ್ತು, ಅದು ಗೊತ್ತಾಗುತ್ತಿತ್ತು. ಈ ಮರದ ಹತ್ತಿರ ತಿರುಗಿಸುತ್ತೇನೆ, ಆ ಮೋರಿಯ ಹತ್ತಿರ ತಿರುಗಿಸುತ್ತೇನೆ ಎಂದುಕೊಳ್ಳುತ್ತಿದ್ದೆ. ಮರ ಹೋಯಿತು, ಮೋರಿ ಹೋಯಿತು. ಅಂಗಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಬದಿಗೆ ನಿಲ್ಲಿಸಿ ನೋಡಿದೆ. ಗುರುತಿಲ್ಲದ ನಂಬರು. ಫೋನು ಯಾರದೇ ಆಗಲಿ, ಮಾಡಿಸುತ್ತಿರುವವಳು ಆಕೆಯೇ ಎಂದು ನನಗೆ ಗೊತ್ತಿತ್ತು. ಅದು ಸುಮ್ಮನಾಗುವ ತನಕ ಕೈಯಲ್ಲಿ ಹಿಡಿದುಕೊಂಡು, ಜೇಬಿಗೆ ಹಾಕಿಕೊಂಡು ಮುಂದೆ ಹೋದೆ. ಮತ್ತೆ ಬಂತು. ಆ ಸಲ ನಿಲ್ಲಿಸಲೂ ಇಲ್ಲ. ಆಮೇಲೆ ಬರಲಿಲ್ಲ.

ಜಗಳೂರಿನೊಳಗೆ ಟೀ ಅಂಗಡಿ ಕಂಡವು, ದಾಟಿ ಹೋದೆ. ಊರಾಚೆ ಎಷ್ಟೋ ದೂರ ಹೋದ ಮೇಲೆ ಮೂತ್ರಕ್ಕೆಂದು ನಿಲ್ಲಿಸಿದೆ. ಪಶ್ಚಾತ್ತಾಪದಿಂದ ನಿಲ್ಲಿಸಿದೆ ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಅದಕ್ಕಲ್ಲ. ತಿರುಗಿ ಬಂದಾಗ ಬೈಕಿನ ಬದಿಗೆ ಆಕೆಯ ಚೀಲ ನೇತಾಡುತ್ತಿತ್ತು. ಊಟಕ್ಕೆ ಮುಂಚೆ ನುಂಗುವ ಮಾತ್ರೆ ಅದರೊಳಗಿದೆ, ಹೊತ್ತು ಮೀರಿದೆ ಎಂದು ನೆನಪಾಯಿತು. ಆಗ ಬೈಕು ತಿರುಗಿಸಿದೆ.

ಬಂಕಿನ ತನಕ ಹೋಗಬೇಕಾಗಿ ಬರಲಿಲ್ಲ. ಜಗಳೂರು ಬಸ್‌ಸ್ಟ್ಯಾಂಡಿನ ಎದುರು ಆಕೆ ಬೆಂಚಿನ ಮೇಲೆ ಕೂತಿದ್ದಳು. ಬಂಕಿನಲ್ಲಿ ಪೆಟ್ರೋಲ್ ಹಾಕುವ ಹೆಂಗಸು ಈರುಳ್ಳಿ ಟೆಂಪೊ ಒಂದಕ್ಕೆ ಕೈ ಮಾಡಿ ಕೂರಿಸಿ ಕಳಿಸಿದ್ದಳು. ಟೆಂಪೊದವನೂ, ಟೀ ಅಂಗಡಿಯವಳೂ, ಇನ್ನೊಬ್ಬ ರುಮಾಲಿನ ಮುದುಕನೂ ಆಕೆಯ ಸುತ್ತ ನಿಂತಿದ್ದರು. ಯಾರೋ ಮಂಡಕ್ಕಿ ಕೊಡಿಸಿದ್ದರು, ಅದು ಕಾಗದದಲ್ಲಿ ಹಾಗೇ ಇತ್ತು. ನನ್ನನ್ನು ಕಂಡು ಎಲ್ಲರೂ ತಿರುಗಿದರು.

“ಹತ್ತಿದೀಯ ಅಂದ್ಕೊಂಡೆ” ಎಂದೆ. “ಗಾಡಿ ಸದ್ದಿಗೆ ಫೋನ್ ಕೇಳಲಿಲ್ಲ.”

“ಅಲ್ರೀ ಯಜಮಾನ್ರೆ” ಎಂದ ರುಮಾಲಿನವನು, “ಕೊಡೆ ಮರೆಯೋರನ್ನ ನೋಡೀನಿ, ಚಪ್ಪಲಿ ಮರೆಯೋರನ್ನ ನೋಡೀನಿ. ಹೆಂಡ್ತಿ ಮರೆಯೋದು ಅಂದ್ರೆ ಹೆಂಗೆ?”

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವರ ಕಡೆ ತಿರುಗಿ ನಕ್ಕಳು. “ಇವರ ಮರೆವು ನಿಮಗೆ ಗೊತ್ತಿಲ್ಲ ಬಿಡಣ್ಣ. ಇನ್ನೊಂದು ದಿನ ಬೈಕನ್ನ ಬಿಟ್ಟು ನನ್ನ ಹೆಗಲಿಗೆ ಬೀಗ ಹಾಕ್ತಾರೆ.” ಎಲ್ಲರೂ ನಕ್ಕರು. ನಾನೂ ನಕ್ಕೆ. ನೆಂಟರಲ್ಲಿ ಓಡಾಡುವ ಕಥೆ ಹುಟ್ಟಿದ್ದು ಅಲ್ಲಿ, ಆಕೆಯ ಬಾಯಲ್ಲಿ, ನನ್ನ ಮಾನ ಮುಚ್ಚಲು.

ಸಾಕು, ಮನೆಗೆ ಹೋಗಾಣ ಎಂದಳು. ಹಿಂತಿರುಗುವಾಗ ಆಕೆಯ ಕೈ ನನ್ನ ಹೆಗಲ ಮೇಲಿರಲಿಲ್ಲ. ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡಿದ್ದಳು.

ಆಮೇಲೆ ತಿಂಗಳುಗಟ್ಟಲೆ ಕಥೆ ಊರೂರು ತಿರುಗಿತು. ನ್ಯಾಮತಿಯ ಭಾವಮೈದುನ ಅದಕ್ಕೆ ಖಾಲಿ ಸೀಟಿನ ಜೊತೆ ಮಾತಾಡಿದ ಭಾಗ ಸೇರಿಸಿದ. ಪ್ರತಿ ಸಲ ನಗುವಾಗ ಆಕೆ ನನ್ನ ಕಡೆ ನೋಡುತ್ತಿರಲಿಲ್ಲ, ಬೇರೆ ಏನನ್ನಾದರೂ ಎತ್ತಿಡಲು ಎದ್ದು ಹೋಗುತ್ತಿದ್ದಳು. ಅದನ್ನು ಗಮನಿಸಲು ನನಗೆ ಅಷ್ಟು ತಿಂಗಳು ಬೇಕಾಯಿತು.

ಒಂದು ದಿನ ಆಕೆ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದಾಗ ಎದುರಿಗೆ ಕೂತು ಹೇಳಿದೆ: “ಅವತ್ತು ನೀನು ಹತ್ತಿಲ್ಲ ಅನ್ನೋದು ನನಗೆ ಗೊತ್ತಿತ್ತು.”

ಆಕೆಯ ಕೈ ನಿಲ್ಲಲಿಲ್ಲ. “ಗೊತ್ತು.”

“ಹೆಂಗೆ?”

“ಬೈಕಿನ ಹಿಂದೆ ಅಡಿಕೆ ಚೀಲ ಕಟ್ಕೊಂಡು ಮಂಡಿಗೆ ಹೋಗ್ತಿದ್ರಿ. ಗಾಡಿ ಕುಗ್ಗೋದ್ರಲ್ಲೇ ಚೀಲದ ತೂಕ ಹೇಳ್ತೀನಿ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದೋರು ನೀವು. ಎರಡು ಕೆ.ಜಿ. ಕಮ್ಮಿ ಆದ್ರೆ ಗೊತ್ತಾಗ್ತಿತ್ತು. ನಾನೊಬ್ಬಳು ಇಳಿದಿದ್ದು ಗೊತ್ತಾಗಲಿಲ್ಲ ಅಂದ್ರೆ ನಾನು ನಂಬಬೇಕಾ?” ಒಂದು ಹುಳುಕು ಕಾಳು ಹೆಕ್ಕಿ ಎಸೆದಳು. “ಆ ಬಂಕಿನ ಹೆಂಗಸು ಎರಡು ಸಲ ಫೋನ್ ಹಚ್ಚಿ ಕೊಟ್ಟಳು. ಇನ್ನೊಂದು ಸಲ ಮಾಡ್ತೀನಿ ಅಂದಳು. ನಾನೇ ಬ್ಯಾಡ ಅಂದೆ. ಸ್ವಲ್ಪ ದೂರ ಹೋದ ಮ್ಯಾಲೆ ಗೊತ್ತಾಗೈತೆ, ಬರಾಕೆ ಮನಸಿಲ್ಲ ಅಂದ್ಕೊಂಡೆ.”

ನಾನು ಅಲ್ಲಿಗೆ ಸುಮ್ಮನಾಗಬಹುದಿತ್ತು. ಆಕೆಗೆ ಗೊತ್ತಿದ್ದದ್ದು ಅಷ್ಟೇ, ಅಷ್ಟನ್ನು ಆಕೆ ಹೇಗೋ ನುಂಗಿಕೊಂಡಿದ್ದಳು.

“ಸ್ವಲ್ಪ ದೂರ ಹೋದ ಮೇಲಲ್ಲ” ಎಂದೆ. “ಕನ್ನಡೀಲಿ ನೋಡಿದೆ. ನೀನು ಮುಖ ಒರೆಸ್ಕೊಂಡು ಬರ್ತಿದ್ದೆ. ಕೈ ಬೀಸಿದೆ. ಅದನ್ನ ನೋಡಿಯೇ ಹೊರಟೆ.”

ಮೊರ ನಿಂತಿತು. ಹೊರಗೆ ತರಕಾರಿಯವನು ಕೂಗಿಕೊಂಡು ಹೋದ. ಆಕೆ ಅತ್ತಿದ್ದರೆ, ಬೈದಿದ್ದರೆ ಚೆನ್ನಾಗಿತ್ತು. “ಯಾಕೆ?” ಎಂದಳು.

“ಗೊತ್ತಿಲ್ಲ.”

“ಹೊಳೆ ದಂಡೆಯಾಗೆ ಕೇಳಿದ್ದಕ್ಕೆ ಇದು ಉತ್ತರಾನಾ?”

“ಅಲ್ಲ.”

“ಮತ್ತೆ?”

“ಗೊತ್ತಿಲ್ಲ ಕಣೇ. ಏನೂ ಅನ್ನಿಸ್ತಿರಲಿಲ್ಲ ನನಗೆ. ಈಗಲೂ ಪೂರ್ತಿ ಅನ್ನಿಸ್ತಾ ಇಲ್ಲ. ಆದರೆ ಆ ಕಥೆಗೆ ಎಲ್ಲರೂ ನಗೋವಾಗ ನೀನು ಎದ್ದು ಒಳಗೆ ಹೋಗೋದು ಕಾಣಿಸ್ತಿದೆ.”

ಆಕೆ ಮೊರ ಪಕ್ಕಕ್ಕಿಟ್ಟಳು. “ಬಿಟ್ಟು ಹೋಗಿದ್ದನ್ನ ಹೆಂಗೋ ತಡ್ಕೊಂಡೀನಿ ರೀ. ಜನರ ಜೊತೆ ಸೇರ್ಕೊಂಡು ನಗ್ತೀರಲ್ಲ, ಅದನ್ನ ನೋಡಾಕೆ ಆಗಲ್ಲ ನನಗೆ. ಮುಂದಿನ ಸಲ ನನ್ನ ತಮ್ಮ ಆ ಕಥೆ ತೆಗೆದಾಗ ಇದ್ದಿದ್ದನ್ನ ಹೇಳ್ರಿ. ಹೇಳದಿದ್ರೆ ನನಗೆ ಮತ್ತೆ ಯಾವತ್ತೂ ಏನೂ ಹೇಳಾಕೆ ಬರಬ್ಯಾಡ್ರಿ.”

ಮುಂದಿನ ಸಲ ಬೇಗ ಬಂತು. ಭಾವಮೈದುನ ಗಿರಣಿಗೆ ಹೊಸ ಯಂತ್ರ ತಂದು ಪೂಜೆ ಇಟ್ಟುಕೊಂಡಿದ್ದ. ಆಕೆ ಮುಂಚಿನ ದಿನವೇ ಬಸ್ಸಿನಲ್ಲಿ ಹೋದಳು, ನಾನು ಬೈಕಿನಲ್ಲಿ ಹೋದೆ. ಊಟವಾಗಿ ಎಲೆ ಅಡಿಕೆ ತಟ್ಟೆ ಬಂತು. ಗಿರಣಿಯ ಜಗುಲಿಯಲ್ಲಿ ಆಕೆಯ ಕಡೆಯ ಜನ ಕೂತಿದ್ದರು. ಭಾವಮೈದುನ ತೊಡೆ ತಟ್ಟಿ ಶುರು ಮಾಡಿದ. “ನಮ್ಮ ಭಾವನ ಕಥೆ ಕೇಳೀರಾ? ಪಾಪ, ಖಾಲಿ ಸೀಟಿಗೆ ಕೇಳ್ತಾರಂತೆ, ‘ಹಸಿವಾತೇನೇ?’ ಅಂತ!”

ಜನ ನಕ್ಕರು. ಬಾಗಿಲ ಹತ್ತಿರ ಆಕೆ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಆ ಸಲ ಒಳಗೆ ಹೋಗಲಿಲ್ಲ.

“ಹಾಗಲ್ಲಪ್ಪ ಅದು” ಎಂದೆ. “ನಾನು ಮರೆತಿರಲಿಲ್ಲ. ನಿಮ್ಮಕ್ಕ ಬರ್ತಿದ್ದದ್ದನ್ನ ನೋಡಿ ಬಿಟ್ಟು ಹೋದೆ. ಫೋನ್ ಬಂದಿದ್ದೂ ಗೊತ್ತಿತ್ತು. ಆಮೇಲೆ ಸುಳ್ಳು ಹೇಳಿದೆ.”

ಮೊದಲು ಇದೂ ತಮಾಷೆಯೆಂದು ಒಬ್ಬಿಬ್ಬರು ನಕ್ಕರು. ಭಾವಮೈದುನ ಅಕ್ಕನ ಮುಖ ನೋಡಿದ. ನಗು ಒಂದೊಂದೇ ಬಾಯಿಯಿಂದ ಇಳಿಯಿತು. ಅವನು ಎದ್ದು ನಿಂತ. ನನಗೆ ಹೊಡೆಯುತ್ತಾನೇನೋ ಎಂದುಕೊಂಡೆ, ಹೊಡೆದರೂ ಆಗಬಹುದು ಎಂದೂ ಅನ್ನಿಸಿತು.

“ಅಕ್ಕ, ನೀನು ಇಲ್ಲೇ ಇರು” ಎಂದ. “ಎಷ್ಟು ದಿನ ಬೇಕೋ ಅಷ್ಟು ದಿನ. ಭಾವ, ನೀವು ಹೊರಡ್ರಿ.”

ಆಕೆ ತಂಬಿಗೆ ಕೆಳಗಿಟ್ಟಳು. “ಇರಾಕೆ ಬಂದಿಲ್ಲ ನಾನು. ನಾಳೆ ಮನೆ ಮುಂದೆ ಮೆಣಸಿನಕಾಯಿ ಒಣ ಹಾಕಬೇಕು.” ಒಳಗೆ ಹೋಗಿ ಬ್ಯಾಗು ತಂದಳು. ಯಾರ ಕಡೆಯೂ ನೋಡದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ನಾನು ಬೈಕಿನ ಹತ್ತಿರ ಹೋಗಿ ಬೀಗದ ಕೈ ಹಾಕಿದೆ. ಹೇಗೂ ಆಕೆ ಬಸ್ಸಿನಲ್ಲಿ ಹೋಗುತ್ತಾಳೆ, ನಾನು ಬೈಕಿನಲ್ಲಿ ಹೋಗುತ್ತೇನೆ, ಮನೆಯಲ್ಲಿ ಸೇರುತ್ತೇವೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅದನ್ನು ತಿರುವಲು ಆಗಲಿಲ್ಲ. ಬೀಗದ ಕೈಯನ್ನು ತೆಗೆದು ಜಗುಲಿಯ ಮೇಲಿಟ್ಟೆ. ಭಾವಮೈದುನ ಅದನ್ನೂ ಮುಟ್ಟಲಿಲ್ಲ, ನನ್ನ ಜೊತೆಯೂ ಮಾತಾಡಲಿಲ್ಲ. ಈಗಲೂ ಆಡುವುದಿಲ್ಲ.

ನಾನು ಹೋಗುವಷ್ಟರಲ್ಲಿ ಹೊನ್ನಾಳಿ ಬಸ್ಸು ನಿಂತಿತ್ತು. ಆಕೆ ಕಿಟಕಿಯ ಹತ್ತಿರ ಕೂತಿದ್ದಳು. ಪಕ್ಕದ ಸೀಟಿನಲ್ಲಿ ಬ್ಯಾಗು ಇತ್ತು.

“ನಾನೂ ಬರಲಾ?” ಎಂದು ಕೆಳಗಿನಿಂದ ಕೇಳಿದೆ.

“ಬಸ್ಸು ಸರ್ಕಾರದ್ದು. ಯಾರು ಬೇಕಾದ್ರೂ ಹತ್ತಬಹುದು.”

ಹತ್ತಿದೆ. ಆಕೆ ಬ್ಯಾಗನ್ನು ತೊಡೆಯ ಮೇಲೆ ತೆಗೆದುಕೊಂಡಳು, ನಾನು ಕೂತೆ. ಬಸ್ಸು ಹೊರಟಿತು. ಕಂಡಕ್ಟರ್ ಬಂದು ಆಕೆಯ ಆಧಾರ್ ಕಾರ್ಡ್ ನೋಡಿ ಹೆಂಗಸರ ಫ್ರೀ ಟಿಕೆಟ್ ಹರಿದು ಕೊಟ್ಟ. ನನ್ನ ಕಡೆ ತಿರುಗಿದ.

“ಅಮ್ಮಾ, ಇವರು ನಿಮ್ಮ ಜೊತೆನಾ?”

ಆಕೆ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು: “ಅವರನ್ನೇ ಕೇಳ್ರಿ.”

“ಹೌದು” ಎಂದೆ. ಬಸ್ಸಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿ ಬಾಗಿದ. ಇನ್ನೊಂದು ಸಲ, ಜೋರಾಗಿ ಹೇಳಿದೆ.